ಕಾಯಿಗೆಂದು ಬೆಳೆದ ಬೀನ್ಸನ್ನು ಒಣಕಾಳಿಗೆ ಬಿಡಬಹುದೇ?

ಮಾಲೂರು ಹೊಲ:
ಎಲ್ಲರಿಗೂ ನಮಸ್ಕಾರ. ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನಲ್ಲಿ ಕೊಳವೆಬಾವಿಯನ್ನೇ ನೆಚ್ಚಿಕೊಂಡು ತರಕಾರಿ ಬೆಳೆಯುವವರು ನಾವು. ಟೊಮೆಟೊ ಮುಗಿದ ಮೇಲೆ ಅದೇ ಕಡ್ಡಿ, ಅದೇ ತಂತಿ, ಅದೇ ಹನಿ ನೀರಾವರಿ ಪೈಪುಗಳನ್ನು ಉಳಿಸಿಕೊಂಡು ಬಳ್ಳಿ ಬೀನ್ಸ್ ಹಾಕುವುದು ನಮ್ಮ ಕಡೆಯ ರೂಢಿ. ಈ ಸಲ ಕಾಯಿ ಕೈಗೆ ಬರುವ ಹೊತ್ತಿಗೆ ಬೆಲೆ ಕುಸಿದು, ಬಿಡಿಸಿದ ಕೂಲಿ ಮತ್ತು ಮಂಡಿಗೆ ಸಾಗಿಸಿದ ಬಾಡಿಗೆಯೂ ಹುಟ್ಟದಂತಾದ್ದರಿಂದ ಹೊಲದ ಒಂದು ಭಾಗವನ್ನು ಬಿಡಿಸದೆ ಹಾಗೆಯೇ ಬಿಟ್ಟಿದ್ದೇವೆ. ಈಗ ಕಾಯಿಗಳು ಬಲಿತು ಹಳದಿ ತಿರುಗುತ್ತಿದ್ದು, ಒಳಗಿನ ಕಾಳು ಗಟ್ಟಿಯಾಗುತ್ತಿದೆ. ಅಂಗಡಿಯಲ್ಲಿ ಕಿಲೋಗೆ ನೂರೈವತ್ತು ಕೊಟ್ಟು ತರುವ ರಾಜ್ಮಾ ಕೂಡ ಇದೇ ಬೀನ್ಸಿನ ಕಾಳು ಎಂದು ಕೇಳಿದ್ದೇನೆ. ಹಾಗಿದ್ದರೆ ಇದನ್ನು ಒಣಗಿಸಿ ಮನೆಯಲ್ಲಿ ಬಳಸಬಹುದೇ, ಮಾರಬಹುದೇ? ಮುಂದಿನ ಸಲ ಒಣಕಾಳಿಗೆಂದೇ ಬೆಳೆದರೆ ಕಾಯಿಯ ಬೆಲೆಯ ಏರಿಳಿತದಿಂದ ತಪ್ಪಿಸಿಕೊಳ್ಳಬಹುದೇ? ಅನುಭವ ಉಳ್ಳವರು ದಯವಿಟ್ಟು ತಿಳಿಸಬೇಕು.

ಹಳೇ ಕೃಷಿ ಅಧಿಕಾರಿ:
ನೀವು ಕೇಳಿದ್ದು ನಿಜ. ಪಲ್ಯಕ್ಕೆ ಹೆಚ್ಚುವ ಹುರುಳಿಕಾಯಿ, ಉತ್ತರ ಭಾರತದ ಕೆಂಪು ರಾಜ್ಮಾ, ಮೈಮೇಲೆ ಚುಕ್ಕೆಗಳಿರುವ ಚಿತ್ರಾ ರಾಜ್ಮಾ, ಡಬ್ಬಿಗಳಲ್ಲಿ ಬರುವ ಬಿಳಿ ಬೀನ್ಸ್, ಇವೆಲ್ಲ ಒಂದೇ ಸಸ್ಯಜಾತಿಗೆ ಸೇರಿದವು. ಈ ಬೆಳೆಯ ತವರು ಅಮೆರಿಕ ಖಂಡ. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಡೆ ಒಂದು ಬಾರಿ, ದಕ್ಷಿಣದ ಆಂಡೀಸ್ ಪರ್ವತಸಾಲಿನಲ್ಲಿ ಪ್ರತ್ಯೇಕವಾಗಿ ಇನ್ನೊಂದು ಬಾರಿ, ಹೀಗೆ ಎರಡು ಕಡೆ ಕಾಡುಬಳ್ಳಿಯಿಂದ ಇದನ್ನು ಪಳಗಿಸಲಾಯಿತು. ಯುರೋಪಿನವರ ಹಡಗುಗಳ ಮೂಲಕ ನಮ್ಮ ದೇಶಕ್ಕೆ ಬಂದ ಈ ಬೆಳೆ, ಬಂದ ಮೇಲೆ ನಮ್ಮಲ್ಲಿ ಎರಡು ದಾರಿ ಹಿಡಿಯಿತು: ಹಿಮಾಲಯದ ತಪ್ಪಲಿನವರು ಕಾಳಿಗಾಗಿ ಬೆಳೆದರು, ನಾವು ದಕ್ಷಿಣದವರು ಎಳೆಕಾಯಿಗಾಗಿ ಬೆಳೆದೆವು.

ಆದರೆ ಜಾತಿ ಒಂದೇ ಎಂದ ಮಾತ್ರಕ್ಕೆ ತಳಿಯೂ ಒಂದೇ ಆಗುವುದಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕೋಮಲ್, ಅರ್ಕಾ ಸುವಿಧಾ, ಅರ್ಕಾ ಅನೂಪ್ ಮೊದಲಾದ ಗಿಡಬೀನ್ಸ್ ತಳಿಗಳನ್ನಾಗಲಿ, ಬಳ್ಳಿ ಬಗೆಯ ಅರ್ಕಾ ಸುಕೋಮಲ್ ತಳಿಯನ್ನಾಗಲಿ ರೂಪಿಸುವಾಗ ತಜ್ಞರು ನೋಡಿದ್ದು ಕಾಯಿಯ ಉದ್ದ, ಮೃದುತ್ವ ಮತ್ತು ನಾರಿಲ್ಲದಿರುವಿಕೆಯನ್ನು. ನಾರನ್ನು ತೆಗೆದುಹಾಕಿದ್ದರ ಪರಿಣಾಮ ಒಣಗುವಾಗ ಗೊತ್ತಾಗುತ್ತದೆ. ಕಾಳಿನ ತಳಿಯ ಸಿಪ್ಪೆ ಒಣಗಿದಾಗ ಕಾಗದದಂತೆ ಗರಿಗರಿಯಾಗಿ, ಒತ್ತಿದರೆ ಪಟ್ಟೆಂದು ಒಡೆಯುತ್ತದೆ. ಕಾಯಿತಳಿಯ ತಿರುಳುಳ್ಳ ಸಿಪ್ಪೆಯಾದರೋ ಸುಕ್ಕುಗಟ್ಟಿ ಕಾಳಿಗೇ ಅಂಟಿಕೊಳ್ಳುತ್ತದೆ, ತೇವವನ್ನು ಬೇಗ ಬಿಟ್ಟುಕೊಡುವುದಿಲ್ಲ, ಆ ನಡುವೆ ಒಂದು ಮಳೆ ಬಿದ್ದರೆ ಒಳಗೆ ಬೂಷ್ಟು ಹಿಡಿಯುತ್ತದೆ. ಬಡಿದರೂ ಕಾಳು ಸುಲಭವಾಗಿ ಬೇರ್ಪಡುವುದಿಲ್ಲ. ಮನೆಮಂದಿ ಕೂತು ಕೈಯಲ್ಲಿ ಬಿಡಿಸುವಷ್ಟಿದ್ದರೆ ತೊಂದರೆಯಿಲ್ಲ, ಎಕರೆಗಟ್ಟಲೆ ಆದರೆ ಕೂಲಿಯೇ ನುಂಗಿಹಾಕುತ್ತದೆ.

ಇನ್ನು ಲೆಕ್ಕಾಚಾರ. ಸಂಶೋಧನಾ ಕೇಂದ್ರದ ತಾಕುಗಳಲ್ಲಿ ಗಿಡಬೀನ್ಸ್ ಹೆಕ್ಟೇರಿಗೆ 18ರಿಂದ 20 ಟನ್ ಎಳೆಕಾಯಿ ಕೊಡುವುದುಂಟು. ರೈತರ ಹೊಲದಲ್ಲಿ ಅದರ ಅರ್ಧವೆಂದರೂ ಎಕರೆಗೆ ಸುಮಾರು 4 ಟನ್. ಒಣಕಾಳು ಚೆನ್ನಾಗಿ ಬೆಳೆದರೆ ಹೆಕ್ಟೇರಿಗೆ 15 ಕ್ವಿಂಟಲ್, ಅಂದರೆ ಎಕರೆಗೆ 6 ಕ್ವಿಂಟಲ್. ಹೊಲದ ಬಾಗಿಲಲ್ಲಿ ಕಾಳಿಗೆ ಕಿಲೋಗೆ 100 ರೂಪಾಯಿ ಸಿಗುತ್ತದೆಂದು ಇಟ್ಟುಕೊಳ್ಳೋಣ. ಒಟ್ಟು 60,000 ರೂಪಾಯಿ. ಅಷ್ಟೇ ಹಣ ಎಳೆಕಾಯಿಯಿಂದ ಬರಬೇಕಾದರೆ ಕಿಲೋಗೆ 15 ರೂಪಾಯಿ ಸಿಕ್ಕರೆ ಸಾಕು. ಎರಡು ಮೂರು ದಿನಕ್ಕೊಮ್ಮೆ ಬಿಡಿಸುವ ಕೂಲಿ ಒಣಕಾಳಿನಲ್ಲಿ ಉಳಿಯುತ್ತದೆ ಎಂಬುದು ನಿಜವಾದರೂ, ಹೊಲ ಇನ್ನೂ ಒಂದು ತಿಂಗಳ ಮಟ್ಟಿಗೆ ಕಟ್ಟಿಬೀಳುತ್ತದೆ. ರಾಜ್ಮಾಕ್ಕೆ ಕೇಂದ್ರ ಸರ್ಕಾರದ ಕನಿಷ್ಠ ಬೆಂಬಲ ಬೆಲೆಯೂ ಇಲ್ಲ. ದ್ವಿದಳ ಧಾನ್ಯಗಳಲ್ಲಿ ಆ ಪಟ್ಟಿಯಲ್ಲಿರುವುದು ತೊಗರಿ, ಕಡಲೆ, ಹೆಸರು, ಉದ್ದು, ಚನ್ನಂಗಿ ಮಾತ್ರ. ಚೀನಾ, ಇಥಿಯೋಪಿಯಾ ಮೊದಲಾದ ದೇಶಗಳಿಂದ ಬರುವ ಕಾಳಿನೊಂದಿಗೆ ನಿಮ್ಮ ಕಾಳು ಪೈಪೋಟಿ ಮಾಡಬೇಕಾಗುತ್ತದೆ.

ತರಕಾರಿ ಮಂಡಿ:
ಅಧಿಕಾರಿಗಳು ಹೇಳಿದ್ದರಲ್ಲಿ ನಡುವಿನ ಒಂದು ಹಂತ ಬಿಟ್ಟುಹೋಗಿದೆ, ವ್ಯಾಪಾರಿಯಾಗಿ ಅದನ್ನು ಸೇರಿಸುತ್ತೇನೆ. ಎಳೆಕಾಯಿಗೂ ಒಣಕಾಳಿಗೂ ನಡುವೆ ಹಸಿಕಾಳು ಎಂಬುದೊಂದಿದೆ. ಕಾಯಿಯ ಹಸಿರು ಮಾಸಿ, ಸಿಪ್ಪೆ ತೊಗಲಿನಂತೆ ಮೆತ್ತಗಾಗಿ, ಹೊರಗಿನಿಂದಲೇ ಕಾಳಿನ ಉಬ್ಬುಗಳು ಎಣಿಸುವಂತೆ ಕಾಣುವ ಹೊತ್ತಿನಲ್ಲಿ ಬಿಡಿಸಿ ಸುಲಿದರೆ, ಬೆಂಗಳೂರಿನ ಮಾರುಕಟ್ಟೆಗಳಲ್ಲಿ ಅದು ‘ಬೀನ್ಸ್ ಕಾಳು’ ಎಂದು ಮಾರಾಟವಾಗುತ್ತದೆ. ಅವರೆಕಾಳಿನ ಕಾಲ ಮುಗಿದ ಮೇಲೆ ಮುದ್ದೆಗೆ ಸಾರು ಮಾಡುವವರು ಇದನ್ನು ಹುಡುಕಿಕೊಂಡು ಬರುತ್ತಾರೆ. ಮಾಲೂರಿನವರೇ, ನಿಮ್ಮ ಹೊಲದಲ್ಲಿ ಇನ್ನೂ ಪೂರ್ತಿ ಒಣಗದ ಕಾಯಿ ಇದ್ದರೆ ಒಣಗಲು ಬಿಡುವುದಕ್ಕಿಂತ ಈ ವಾರವೇ ಬಿಡಿಸಿ. ಸುಲಿದ ಕಾಳಾದರೆ ಅದೇ ದಿನ ಮಾರಾಟವಾಗಬೇಕು, ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ರಾತ್ರಿ ಇಟ್ಟರೆ ಬೆಳಿಗ್ಗೆ ಅಂಟಂಟಾಗಿ ವಾಸನೆ ಬರುತ್ತದೆ. ಆದ್ದರಿಂದ ಕಾಯಿಯಾಗಿಯೇ ತಂದುಕೊಡುವುದು ಕ್ಷೇಮ.

ಮಾಲೂರು ಹೊಲ:
ಬಹಳ ಉಪಕಾರವಾಯಿತು. ಕೆಳಗಿನ ಕಾಯಿಗಳು ಒಣಗಿವೆ, ಮೇಲಿನವು ನೀವು ಹೇಳಿದ ಹದದಲ್ಲಿವೆ. ಒಂದು ವಿಷಯ ಗಮನಿಸಿದ್ದೇನೆ: ಬಿಡಿಸದೆ ಬಿಟ್ಟ ಸಾಲುಗಳಲ್ಲಿ ಹೂವು ನಿಂತೇ ಹೋಗಿದೆ, ಬಿಡಿಸುತ್ತಿರುವ ಸಾಲುಗಳಲ್ಲಿ ಇನ್ನೂ ಬರುತ್ತಿದೆ. ಇದು ರೋಗವೇ?

ಹಳೇ ಕೃಷಿ ಅಧಿಕಾರಿ:
ರೋಗವಲ್ಲ. ಕಾಳು ಬಲಿಯತೊಡಗಿದರೆ ಗಿಡದ ಆಹಾರವೆಲ್ಲ ಅದಕ್ಕೇ ಹರಿದು ಹೊಸ ಹೂವು ನಿಲ್ಲುತ್ತದೆ. ಒಂದೇ ಬಳ್ಳಿಯಿಂದ ಎಳೆಕಾಯಿಯನ್ನೂ ಬೇಕು, ಒಣಕಾಳನ್ನೂ ಬೇಕು ಎಂದರೆ ಎರಡೂ ಅರೆಬರೆಯಾಗುವುದು ಇದಕ್ಕೇ.

ಗಡಿನಾಡು ಬೆಳಗಾವಿ:
ಒಣಕಾಳಿನ ಬೀನ್ಸ್ ಹಿಮಾಲಯದವರಿಗಷ್ಟೇ ಮೀಸಲು ಎಂಬ ಅಭಿಪ್ರಾಯ ಇಲ್ಲಿ ಉಳಿದುಬಿಡಬಾರದು ಎಂದು ಬರೆಯುತ್ತಿದ್ದೇನೆ. ಜಮ್ಮುವಿನ ಭದ್ರವಾಹದ ರಾಜ್ಮಾಕ್ಕೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು, ಉತ್ತರಾಖಂಡದ ಮುನ್ಸ್ಯಾರಿಯ ಬಿಳಿ ರಾಜ್ಮಾಕ್ಕೂ ಆ ಮಾನ್ಯತೆ ಇದೆ. ಆದರೆ ನಮ್ಮ ಪಕ್ಕದ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಕೋರೆಗಾಂವ್ ಸುತ್ತಿನಲ್ಲಿ ‘ವಾಘ್ಯಾ ಘೇವಡಾ’ ಎಂಬ ಕಾಳನ್ನು ಮುಂಗಾರಿನಲ್ಲಿ ಬೆಳೆಯುತ್ತಾರೆ, ಅದಕ್ಕೂ ಅದೇ ಮಾನ್ಯತೆ ಇದೆ. ಗುಲಾಬಿ ಛಾಯೆಯ ಕಾಳಿನ ಮೇಲೆ ಹುಲಿಯ ಪಟ್ಟೆಯಂತೆ ಗೆರೆಗಳಿರುವುದರಿಂದ ಆ ಹೆಸರು. ಅದೂ ಇದೇ ಬೀನ್ಸ್ ಜಾತಿ. ಸಾತಾರಾದ ಹವೆ ನಮ್ಮ ಬೆಳಗಾವಿಗೆ ಹೆಚ್ಚು ದೂರವಾದದ್ದಲ್ಲ. ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠದ ‘ವರುಣ್’ ಎಂಬ ತಳಿ ಎಪ್ಪತ್ತು ದಿನಗಳ ಆಸುಪಾಸಿನಲ್ಲಿ ಒಣಕಾಳಾಗುತ್ತದೆ, ಹಾಗಾಗಿ ಅಧಿಕಾರಿಗಳು ಹೇಳಿದಂತೆ ಹೊಲ ಬಹುಕಾಲ ಕಟ್ಟಿಬೀಳಲೇಬೇಕೆಂದೇನೂ ಇಲ್ಲ.

ನಮ್ಮ ಕಡೆ ಇದರ ಕಷ್ಟವಿರುವುದು ಮಳೆಯಲ್ಲಿ. ಕಾಯಿ ಒಣಗುವ ಹೊತ್ತಿಗೆ ಹಿಂಗಾರಿನ ಮಳೆ ಹಿಡಿದುಕೊಂಡರೆ ಕಾಳು ಕಾಯಿಯೊಳಗೇ ಮೊಳೆಯುತ್ತದೆ ಅಥವಾ ಮೈಮೇಲೆ ಕಲೆ ಬಿದ್ದು ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟ ಕಾಳಿಗೆ ದಲ್ಲಾಳಿ ಅರ್ಧ ಬೆಲೆಯನ್ನೂ ಹೇಳುವುದಿಲ್ಲ. ಕೋಲಾರದವರಾದರೆ ಅಕ್ಟೋಬರ್ ಕೊನೆಯ ಭಾಗದಲ್ಲಿ ಬಿತ್ತುವುದು ಮೇಲು: ನವೆಂಬರ್ ಮಳೆ ಬೆಳವಣಿಗೆಗೆ ಒದಗುತ್ತದೆ, ಹೂವಾಡುವುದು ಚಳಿಯಲ್ಲಿ ಆಗುತ್ತದೆ, ಒಣಗುವುದು ಜನವರಿಯ ಬಿಸಿಲಿನಲ್ಲಿ. ಈ ಬೆಳೆಗೆ 15ರಿಂದ 25 ಡಿಗ್ರಿ ಸೆಲ್ಸಿಯಸ್ ಹಿತ. 30 ದಾಟಿದರೆ ಹೂವು ಉದುರತೊಡಗುತ್ತದೆ, 35ರ ಬಿಸಿಲಿನಲ್ಲಿ ಕಾಯಿ ಕಚ್ಚುವುದೇ ಕಷ್ಟ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬೀನ್ಸ್ ಬೆಲೆ ಗಗನಕ್ಕೇರುವುದು ದಲ್ಲಾಳಿಗಳ ಕೈವಾಡ ಎನ್ನುವವರು ಆ ತಿಂಗಳಲ್ಲೊಮ್ಮೆ ಬೀನ್ಸ್ ಹೊಲಕ್ಕೆ ಹೋಗಿ ಗಿಡದ ಬುಡದಲ್ಲಿ ಉದುರಿದ ಹೂವನ್ನು ನೋಡಬೇಕು.

ಸಹಜ ಕೃಷಿಕ:
ಇಷ್ಟೆಲ್ಲ ಚರ್ಚೆಯಲ್ಲಿ ಮಣ್ಣಿನ ಮಾತೇ ಬಂದಿಲ್ಲವಲ್ಲ. ಬೀನ್ಸ್ ದ್ವಿದಳ ಬೆಳೆ, ಗಾಳಿಯ ಸಾರಜನಕವನ್ನು ತಾನೇ ಹಿಡಿದುಕೊಳ್ಳುತ್ತದೆ. ಟೊಮೆಟೊ ನಂತರ ಇದನ್ನು ಹಾಕಿದರೆ ಯೂರಿಯಾ ಚೀಲವನ್ನು ಮುಟ್ಟುವ ಅಗತ್ಯವೇ ಇಲ್ಲ. ಅಮೆರಿಕದ ಮೂಲನಿವಾಸಿಗಳು ಮುಸುಕಿನ ಜೋಳದ ದಂಟಿಗೆ ಬೀನ್ಸ್ ಹಬ್ಬಿಸಿ, ಕೆಳಗೆ ಕುಂಬಳ ಹರಡಿ ಯಾವ ಗೊಬ್ಬರದ ಅಂಗಡಿಯೂ ಇಲ್ಲದೆ ಬೆಳೆದರು. ನಮ್ಮ ರಾಗಿ ಹೊಲದ ಅಕ್ಕಡಿ ಸಾಲಿನ ಅವರೆಯೂ ಅದೇ ತತ್ತ್ವದ್ದು. ಉತ್ತರಾಖಂಡದ ಗುಡ್ಡಗಳಲ್ಲಿ ಇಂದಿಗೂ ರಾಜ್ಮಾ ಬಳ್ಳಿಯನ್ನು ರಾಜಗಿರಿ ಗಿಡಕ್ಕೆ ಹಬ್ಬಿಸುತ್ತಾರೆ.

ಹಳೇ ಕೃಷಿ ಅಧಿಕಾರಿ:
ಮಿಶ್ರಬೆಳೆಯ ವಿಷಯದಲ್ಲಿ ತಮ್ಮ ಮಾತನ್ನು ಒಪ್ಪುತ್ತೇನೆ, ಆದರೆ ಯೂರಿಯಾ ಮುಟ್ಟಬೇಡಿ ಎಂಬುದನ್ನು ಈ ಬೆಳೆಯ ಮಟ್ಟಿಗೆ ಒಪ್ಪಲಾರೆ. ದ್ವಿದಳ ಬೆಳೆಗಳಲ್ಲೆಲ್ಲ ಸಾರಜನಕ ಸ್ಥಿರೀಕರಣದಲ್ಲಿ ಹಿಂದುಳಿದದ್ದು ಬೀನ್ಸ್. ಅವರೆ, ಅಲಸಂದೆ, ಹುರುಳಿಗಳ ಬೇರಿನಲ್ಲಿ ಗಂಟು ಕಟ್ಟುವ ಜೀವಾಣುಗಳು ನಮ್ಮ ಮಣ್ಣಿನಲ್ಲಿ ಧಾರಾಳವಾಗಿವೆ, ಬೀನ್ಸಿಗೆ ಒಗ್ಗುವ ರೈಜೋಬಿಯಂ ಬಗೆ ಬೇರೆಯಾಗಿದ್ದು ನಮ್ಮ ಬಹುತೇಕ ಹೊಲಗಳಲ್ಲಿ ಅದು ಸಾಕಷ್ಟಿಲ್ಲ. ಇದರ ಜೊತೆಗೆ ಅಲ್ಪಾವಧಿಯ ಗಿಡತಳಿಗಳು ಗಂಟು ಕಟ್ಟಿ ಅದು ಕೆಲಸಕ್ಕೆ ತೊಡಗುವಷ್ಟರಲ್ಲಿ ಹೂವಿಗೆ ಬಂದುಬಿಟ್ಟಿರುತ್ತವೆ. ಉತ್ತರದ ಬಯಲಿನಲ್ಲಿ ಹಿಂಗಾರು ರಾಜ್ಮಾಕ್ಕೆ ಹೆಕ್ಟೇರಿಗೆ 90ರಿಂದ 120 ಕಿಲೋ ಸಾರಜನಕವನ್ನು ಶಿಫಾರಸು ಮಾಡುವುದು ಈ ಕಾರಣಕ್ಕೆ. ಕಡಲೆಗೆ ಅದರ ಐದನೆಯ ಒಂದು ಭಾಗ ಸಾಕು. ಅರ್ಧವನ್ನು ಬಿತ್ತುವಾಗ, ಉಳಿದದ್ದನ್ನು ಮೂರು ನಾಲ್ಕು ವಾರಗಳ ಮೇಲೆ ನೀರಿನೊಂದಿಗೆ ಕೊಡುವುದು ಕ್ರಮ. ಕೃಷಿ ವಿಶ್ವವಿದ್ಯಾಲಯಗಳಲ್ಲಿ ಬೀನ್ಸಿಗೆಂದೇ ತಯಾರಿಸಿದ ಜೀವಾಣು ಗೊಬ್ಬರ ಸಿಕ್ಕರೆ ಬೀಜಕ್ಕೆ ಲೇಪಿಸಿ, ಬೇರೆ ಬೆಳೆಯ ಪೊಟ್ಟಣದಿಂದ ಪ್ರಯೋಜನವಿಲ್ಲ.

ಮಾಲೂರಿನ ಹೊಲಕ್ಕೆ ಸಂಬಂಧಿಸಿದಂತೆ ಇನ್ನೂ ಒಂದು ಎಚ್ಚರಿಕೆ. ಬಳ್ಳಿ ಕಿತ್ತಾಗ ಬೇರಿನಲ್ಲಿ ಗಂಟು ಕಂಡರೆ ಅದೆಲ್ಲ ಸಾರಜನಕದ ಗಂಟೆಂದು ಸಂತೋಷಪಡಬೇಡಿ. ಜೀವಾಣುವಿನ ಗಂಟು ಬೇರಿನ ಪಕ್ಕಕ್ಕೆ ಅಂಟಿದಂತಿರುತ್ತದೆ, ಬೆರಳಿನಲ್ಲಿ ಉಜ್ಜಿದರೆ ಕಳಚಿಕೊಳ್ಳುತ್ತದೆ, ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು ಬಣ್ಣವಿರುತ್ತದೆ. ಬೇರೇ ಅಲ್ಲಲ್ಲಿ ಊದಿಕೊಂಡು, ಉಜ್ಜಿದರೂ ಕಳಚದೆ, ಸೀಳಿದರೆ ಬೆಳ್ಳಗಿದ್ದರೆ ಅದು ಬೇರುಗಂಟು ಜಂತುವಿನ ಕೆಲಸ. ಟೊಮೆಟೊಗೆ ಬೀಳುವ ಜಂತುವೇ ಬೀನ್ಸಿಗೂ ಬೀಳುತ್ತದೆ. ಕಡ್ಡಿ ಉಳಿಯುತ್ತದೆಂದು ವರ್ಷ ವರ್ಷ ಟೊಮೆಟೊ, ಬೀನ್ಸ್, ಮತ್ತೆ ಟೊಮೆಟೊ ಎಂದು ಸುತ್ತಿದರೆ ಜಂತುವಿಗೆ ಹಬ್ಬ. ನಡುವೆ ರಾಗಿಯನ್ನೋ ಚೆಂಡುಹೂವನ್ನೋ ಒಂದು ಬೆಳೆ ಹಾಕಿ. ಚೆಂಡುಹೂವು ನಿಮ್ಮ ಕಡೆ ಹೇಗೂ ಮಾರಾಟವಾಗುತ್ತದೆ.

ಮಲೆನಾಡ ಹಿತ್ತಿಲು:
ಮೊಳಕೆಯ ವಿಷಯವಾಗಿ ಒಂದು ಮಾತು ಸೇರಿಸಬಹುದೇ? ಬೀನ್ಸ್ ಬೀಜವನ್ನು ರಾತ್ರಿ ನೆನೆಸಿಟ್ಟು ಬಿತ್ತುವ ಅಭ್ಯಾಸ ಹಲವರಿಗಿದೆ. ಈ ಬೀಜದ ಸಿಪ್ಪೆ ತೆಳು, ನೀರನ್ನು ಒಮ್ಮೆಲೇ ಹೀರಿಕೊಂಡು ಬೇಳೆಗಳು ಬಿರುಕು ಬಿಡುತ್ತವೆ, ಹಸಿಮಣ್ಣಿನಲ್ಲಿ ಕೊಳೆಯುತ್ತವೆ. ಒಣಬೀಜವನ್ನು ತೇವವಿರುವ ಮಣ್ಣಿಗೆ ಎರಡು ಬೆರಳಿನಷ್ಟು ಆಳಕ್ಕೆ ಹಾಕುವುದೇ ಸರಿ. ಬೇಳೆಗಳೇ ಮಣ್ಣನ್ನು ಸೀಳಿಕೊಂಡು ಮೇಲೆ ಬರಬೇಕಾಗಿರುವುದರಿಂದ ಬಿತ್ತಿದ ಮೇಲೆ ಜೋರು ಮಳೆ ಬಂದು ಮಣ್ಣು ಹೆಪ್ಪುಗಟ್ಟಿದರೆ ಅರ್ಧದಷ್ಟು ಮೊಳಕೆ ಒಳಗೇ ಕತ್ತು ಮುರಿದುಕೊಳ್ಳುತ್ತದೆ. ಹೆಪ್ಪನ್ನು ಬೆರಳಿನಿಂದ ಮೆಲ್ಲಗೆ ಸಡಿಲಿಸಬೇಕು.

ಇನ್ನೊಂದು ಕಾಂಡನೊಣ. ಎರಡೆಲೆಯ ಸಸಿ ಇದ್ದಕ್ಕಿದ್ದಂತೆ ಹಳದಿಯಾಗಿ ಸೊರಗಿದರೆ ನೀರು ಹೆಚ್ಚಾಯಿತೆಂದೋ ಕಡಿಮೆಯಾಯಿತೆಂದೋ ತಿಳಿಯದೆ ಬುಡವನ್ನು ನೋಡಿ. ನೆಲಮಟ್ಟದಲ್ಲಿ ಕಾಂಡ ಉಬ್ಬಿ, ಉದ್ದಕ್ಕೆ ಬಿರಿದು, ಒಳಗೆ ಕಂದು ಬಣ್ಣದ ಸುರಂಗವಿದ್ದರೆ ಅದರ ಮರಿಹುಳು ಅಲ್ಲಿದೆ. ಬಿತ್ತಿದ ಎರಡು ಮೂರು ವಾರದೊಳಗೆ ಬುಡಕ್ಕೆ ಮಣ್ಣೇರಿಸಿದರೆ ಗಾಯದ ಮೇಲ್ಭಾಗದಿಂದ ಹೊಸ ಬೇರು ಬಿಟ್ಟು ಅನೇಕ ಸಸಿಗಳು ಚೇತರಿಸಿಕೊಳ್ಳುತ್ತವೆ.

ಮಂಡ್ಯದ ಉಪ್ಪುಸಾರು:
ಬೆಳೆಯುವವರು ಬಹಳ ಹೇಳಿದ್ದೀರಿ, ಬೇಯಿಸುವವಳಾಗಿ ನನ್ನದೂ ಮೂರು ಸಂದೇಹಗಳಿವೆ. ನಮ್ಮಲ್ಲಿ ಹುರುಳಿಕಾಯಿ ಎಂದರೆ ಬಸ್ಸಾರು, ಉಪ್ಪುಸಾರು. ತೊಗರಿಬೇಳೆಯ ಜೊತೆ ಕಾಯಿಯನ್ನು ಬೇಯಿಸಿ, ಕಟ್ಟನ್ನು ಬಸಿದು ಖಾರ ಹಾಕಿ ಸಾರು ಮಾಡಿ, ಉಳಿದದ್ದಕ್ಕೆ ಕಾಯಿತುರಿ ಹಾಕಿ ಒಗ್ಗರಣೆ ಕೊಡುತ್ತೇವೆ. ರಾಜ್ಮಾದ ನೀರನ್ನು ಚೆಲ್ಲಬೇಕೆಂದು ಎಲ್ಲರೂ ಹೇಳುತ್ತಾರೆ, ಹಾಗಾದರೆ ಬೀನ್ಸ್ ಕಾಳಿನ ಬಸ್ಸಾರು ಮಾಡಿದಾಗ ಆ ಕಟ್ಟನ್ನು ಉಣ್ಣಬಹುದೇ? ಎರಡನೆಯದು, ಅಂಗಡಿಯ ರಾಜ್ಮಾ ಕೆಲವು ಸಲ ಎಷ್ಟು ಕೂಗು ಹಾಕಿಸಿದರೂ ಕಲ್ಲಿನಂತೆ ಉಳಿಯುತ್ತದೆ, ಏಕೆ? ಮೂರನೆಯದು, ಹುರುಳಿ, ಕಡಲೆ, ಹೆಸರುಕಾಳು ಹುರಿದು ಮಕ್ಕಳಿಗೆ ಹುರಿಹಿಟ್ಟು ಮಾಡುವಾಗ ಒಣ ಬೀನ್ಸ್ ಕಾಳನ್ನೂ ಸೇರಿಸಬಹುದೇ?

ಆಹಾರ ವಿಜ್ಞಾನ:
ಮೂರನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಸುರಕ್ಷತೆಯ ಪ್ರಶ್ನೆ. ದಯವಿಟ್ಟು ಸೇರಿಸಬೇಡಿ. ಒಣ ಬೀನ್ಸ್ ಕಾಳಿನಲ್ಲಿ, ಅದರಲ್ಲೂ ಕೆಂಪು ರಾಜ್ಮಾದಲ್ಲಿ, ಫೈಟೋಹೀಮಗ್ಲುಟಿನಿನ್ ಎಂಬ ಲೆಕ್ಟಿನ್, ಅಂದರೆ ಒಂದು ಬಗೆಯ ವಿಷಕಾರಿ ಪ್ರೋಟೀನ್ ಇದೆ. ಹಸಿಯಾಗಿ ನಾಲ್ಕೈದು ಕಾಳು ಹೊಟ್ಟೆಗೆ ಹೋದರೂ ಒಂದರಿಂದ ಮೂರು ಗಂಟೆಯೊಳಗೆ ತೀವ್ರ ವಾಂತಿ, ನಂತರ ಭೇದಿ ಕಾಣಿಸಿಕೊಳ್ಳಬಹುದು. ಕಾಳು ನೀರಿನಲ್ಲಿ ಚೆನ್ನಾಗಿ ಕುದಿದರೆ ಈ ವಸ್ತು ನಾಶವಾಗುತ್ತದೆ, ಆದರೆ ಬಾಣಲೆಯ ಒಣ ಹುರಿಯುವಿಕೆಯಲ್ಲಿ ಹೊರಮೈ ಕಂದಾದರೂ ಒಳಗೆ ಬಿಸಿ ಸಮನಾಗಿ ತಾಗುವುದಿಲ್ಲ. 2006ರಲ್ಲಿ ಜಪಾನಿನ ಟಿ.ವಿ. ಕಾರ್ಯಕ್ರಮವೊಂದು ಬಿಳಿ ಬೀನ್ಸ್ ಕಾಳನ್ನು ಕೆಲವೇ ನಿಮಿಷ ಹುರಿದು ಪುಡಿ ಮಾಡಿ ಅನ್ನದ ಮೇಲೆ ಉದುರಿಸಿಕೊಂಡರೆ ತೂಕ ಇಳಿಯುತ್ತದೆಂದು ತೋರಿಸಿತು. ಅದನ್ನು ಮಾಡಿದ ನೂರಾರು ಮಂದಿ ಅಸ್ವಸ್ಥರಾದರು, ಹಲವರು ಆಸ್ಪತ್ರೆ ಸೇರಿದರು. ಬಿಳಿ ಕಾಳಿನಲ್ಲಿ ಈ ವಿಷ ಕೆಂಪಿನ ಮೂರನೆಯ ಒಂದು ಭಾಗದಷ್ಟಿದ್ದೂ ಹಾಗಾಯಿತು. ಹುರಿಹಿಟ್ಟಿಗೆ ನಮ್ಮ ಹುರುಳಿ ಮತ್ತು ಕಡಲೆಯೇ ಇರಲಿ.

ಬಸ್ಸಾರಿನ ಕಟ್ಟಿಗೆ ಹೆದರಬೇಕಾಗಿಲ್ಲ. ಚೆಲ್ಲಬೇಕಾದದ್ದು ನೆನೆಸಿದ ನೀರನ್ನು. ಒಣಕಾಳನ್ನು ಕನಿಷ್ಠ ಐದು ಗಂಟೆ, ಸಾಮಾನ್ಯವಾಗಿ ರಾತ್ರಿಯಿಡೀ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿದರೆ, ಬೆಂದ ಮೇಲಿನ ಕಟ್ಟು ಉಣ್ಣಲು ಯೋಗ್ಯ. ನೆನೆಸಿದ ನೀರಿನೊಂದಿಗೆ ವಾಯು ಉಂಟುಮಾಡುವ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳೂ ಒಂದಿಷ್ಟು ಹೊರಹೋಗುತ್ತವೆ. ನಂತರ ಪೂರ್ಣ ಕುದಿಯಲ್ಲಿ ಹತ್ತು ನಿಮಿಷ ಬೇಯುವುದು ವಿಷನಾಶಕ್ಕೆ ಸಾಕಾದರೂ, ಮೂವತ್ತು ನಿಮಿಷ ಕುದಿಸಿ ಎಂಬುದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಸಲಹೆ. ಕಾಳು ಮೆತ್ತಗಾಗಬೇಕಾದರೆ ಹೇಗೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಪ್ರೆಶರ್ ಕುಕ್ಕರ್ ಬಳಸುವವರಿಗೆ ಈ ಚಿಂತೆಯಿಲ್ಲ. ಎಳೆಕಾಯಿಯಲ್ಲಿ ಲೆಕ್ಟಿನ್ ಕಡಿಮೆ, ಆದರೂ ಹಸಿಯಾಗಿ ಕೋಸಂಬರಿಗೆ ಹೆಚ್ಚಿ ಹಾಕುವುದು ಒಳ್ಳೆಯದಲ್ಲ. ಸುಲಿದ ಹಸಿಕಾಳಿಗೆ ನೆನೆಸುವ ಅಗತ್ಯವಿಲ್ಲ, ಚೆನ್ನಾಗಿ ಕುದಿಸಿ ಬೇಯಿಸಲೇಬೇಕು.

ಬೇಯದ ರಾಜ್ಮಾಕ್ಕೆ ಕಾರಣ ಸಾಮಾನ್ಯವಾಗಿ ಗೋದಾಮು. ಸೆಕೆ ಮತ್ತು ತೇವವಿರುವ ಕಡೆ ತಿಂಗಳುಗಟ್ಟಲೆ ಇಟ್ಟ ಕಾಳಿನಲ್ಲಿ ಜೀವಕೋಶಗಳನ್ನು ಬೆಸೆಯುವ ಪೆಕ್ಟಿನ್ ಕರಗದ ರೂಪಕ್ಕೆ ತಿರುಗುತ್ತದೆ. ಮಂಡ್ಯ, ಕೋಲಾರಗಳ ಕೊಳವೆಬಾವಿಯ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಅದನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಹುಣಸೆಹಣ್ಣು, ಟೊಮೆಟೊಗಳನ್ನು ಕಾಳು ಬೆಂದ ಮೇಲೆಯೇ ಹಾಕಿ, ಹುಳಿ ಇದ್ದಷ್ಟೂ ಕಾಳು ಬೇಯುವುದು ತಡ. ಉಪ್ಪು ಹಾಕಿದರೆ ಬೇಯುವುದಿಲ್ಲ ಎಂಬ ನಂಬಿಕೆಗೆ ಮಾತ್ರ ಆಧಾರವಿಲ್ಲ. ನೆನೆಸುವ ನೀರಿಗೆ ಸ್ವಲ್ಪ ಉಪ್ಪು ಹಾಕಿದರೆ ಸೋಡಿಯಂ ಸಿಪ್ಪೆಯಲ್ಲಿರುವ ಕ್ಯಾಲ್ಸಿಯಂ ಜಾಗವನ್ನು ಹಿಡಿದು ಸಿಪ್ಪೆ ಮೆತ್ತಗಾಗುತ್ತದೆ.

ನ್ಯೂಜೆರ್ಸಿ ಕನ್ನಡತಿ:
ಇಲ್ಲಿರುವ ನಮ್ಮವರಿಗೆ ಒಂದು ವಿಚಾರ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಸ್ಲೋ ಕುಕ್ಕರಿನಲ್ಲಿ ನೆನೆದ ರಾಜ್ಮಾ ಹಾಕಿಟ್ಟು ಸಂಜೆ ಬಂದು ಊಟ ಮಾಡುವ ರೂಢಿ ಈ ದೇಶದಲ್ಲಿದೆ. ಅದರ ಕಡಿಮೆ ಉರಿಯಲ್ಲಿ ನೀರು ಕುದಿಯುವ ಮಟ್ಟಕ್ಕೆ ಬರುವುದೇ ಇಲ್ಲ ಎಂದು ಓದಿದ್ದೇನೆ. ಇದರಿಂದ ತೊಂದರೆಯಾಗಬಹುದೇ?

ಆಹಾರ ವಿಜ್ಞಾನ:
ಖಂಡಿತ ಆಗಬಹುದು. 80 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಗೆ ಮಾತ್ರ ತಾಗಿದ ಕಾಳು ಹಸಿಕಾಳಿಗಿಂತ ಐದು ಪಟ್ಟು ಹೆಚ್ಚು ವಿಷಕಾರಿಯಾಗಬಹುದು ಎಂದು ದಾಖಲಾಗಿದೆ. ಒಲೆಯ ಮೇಲೆ ಅರ್ಧ ಗಂಟೆ ಕುದಿಸಿ ಆಮೇಲೆ ಸ್ಲೋ ಕುಕ್ಕರಿಗೆ ಹಾಕಿ, ಇಲ್ಲವೇ ಡಬ್ಬಿಯಲ್ಲಿ ಸಿಗುವ ಬೆಂದ ಕಾಳನ್ನು ಬಳಸಿ.

ಬೀಜದ ಬುಟ್ಟಿ:
ಮಾಲೂರಿನ ಸ್ನೇಹಿತರು ಒಣಗಿದ ಕೆಳಗಿನ ಕಾಯಿಗಳ ಬಗ್ಗೆ ಬರೆದಿದ್ದರು. ತಿನ್ನುವುದಕ್ಕಲ್ಲದಿದ್ದರೆ ಬಿತ್ತನೆಗೆ ಇಟ್ಟುಕೊಳ್ಳಬಹುದು. ಬೀನ್ಸ್ ಹೂವು ಅರಳುವ ಮೊದಲೇ ತನ್ನಲ್ಲೇ ಪರಾಗಸ್ಪರ್ಶ ಮುಗಿಸಿಕೊಳ್ಳುವುದರಿಂದ ತಳಿ ಬೆರಕೆಯಾಗುವುದು ಅಪರೂಪ. ಆದರೆ ಬೀಜದ ಮೂಲಕವೇ ಮುಂದಿನ ಬೆಳೆಗೆ ದಾಟುವ ರೋಗಗಳು ಇದಕ್ಕೆ ಹೆಚ್ಚು. ಕಾಯಿಯ ಮೇಲೆ ದುಂಡಗಿನ, ಒಳಕ್ಕೆ ಕುಸಿದ ಕಪ್ಪು ಕಲೆಗಳಿದ್ದು, ತೇವದ ದಿನಗಳಲ್ಲಿ ಕಲೆಯ ನಡುವೆ ಗುಲಾಬಿ ಬಣ್ಣದ ಅಂಟು ಕಂಡರೆ ಅದು ಚಿಬ್ಬು ರೋಗ, ಆ ಕಾಯಿಯ ಬೀಜ ಬೇಡ. ಎಲೆ ಮುದುಡಿ, ಕಡುಹಸಿರು ತಿಳಿಹಸಿರು ತೇಪೆಗಳಿರುವ ಬಳ್ಳಿಯಿಂದಲೂ ಬೇಡ, ಮೊಸಾಯಿಕ್ ನಂಜು ಬೀಜದಲ್ಲಿ ಸಾಗುತ್ತದೆ. ಬಿಳಿನೊಣದಿಂದ ಹರಡುವ ಹಳದಿ ನಂಜಿನ ಕಾಟವಿರುವ ಕಡೆ ಅದನ್ನು ತಡೆಯುವ ಅರ್ಕಾ ಅರ್ಜುನ್ ತಳಿಯ ಬೀಜವನ್ನು ಹೊಸದಾಗಿ ತರುವುದೇ ಲೇಸು.

ಕಾಳಿಗೆಂದೇ ಬೆಳೆದಾಗ ಬೆಳಗಿನ ಇಬ್ಬನಿ ಆರುವ ಮೊದಲು ಗಿಡ ಕೀಳಬೇಕು. ಬಿಸಿಲೇರಿದ ಮೇಲೆ ಕೈ ಹಾಕಿದರೆ ಕಾಯಿ ಸಿಡಿದು ಕಾಳು ಹೊಲದಲ್ಲೇ ಚೆಲ್ಲುತ್ತದೆ. ಟಾರ್ಪಾಲಿನ ಮೇಲೆ ಹರಡಿ ಒಣಗಿಸಿ, ಕೋಲಿನಿಂದ ಹಗುರವಾಗಿ ಬಡಿಯಿರಿ. ರಾಗಿ, ಹುರುಳಿಯಂತೆ ಇದನ್ನು ರಸ್ತೆಗೆ ಹಾಕಿ ವಾಹನ ಹಾಯಿಸಲೇಬೇಡಿ. ಕಾಳು ನೋಡಲು ಗಟ್ಟಿ, ಒಳಗೆ ಬೇಳೆ ಬೇಗ ಸೀಳುತ್ತದೆ, ಅಂಥ ಬೀಜದಿಂದ ತುದಿಮೊಗ್ಗಿಲ್ಲದ ಬೋಳು ಸಸಿ ಹುಟ್ಟುತ್ತದೆ.

ಮಾಲೂರು ಹೊಲ:
ಮೇಲಿನ ಕಾಯಿಗಳನ್ನು ಹಸಿಕಾಳಿಗೆಂದು ನಾಳೆಯಿಂದ ಬಿಡಿಸುತ್ತೇವೆ, ಕೆಳಗಿನವುಗಳಲ್ಲಿ ಕಲೆಯಿಲ್ಲದ್ದನ್ನು ಬೀಜಕ್ಕೆ ಆರಿಸುತ್ತೇವೆ. ಅಕ್ಟೋಬರಿನಲ್ಲಿ ಒಂದು ಮೂಲೆಯಲ್ಲಿ ಮಾತ್ರ ವರುಣ್ ತಳಿಯನ್ನು ಹಾಕಿ ನೋಡುವ ಯೋಚನೆಯಿದೆ. ಕೊನೆಯದಾಗಿ ಒಂದು ಪ್ರಶ್ನೆ: ಬಿತ್ತನೆಗೆಂದು ತಂದ ಬೀಜ ಚೀಲದಲ್ಲಿ ಸ್ವಲ್ಪ ಉಳಿದಿದೆ, ಮೇಲೆ ಗುಲಾಬಿ ಬಣ್ಣದ ಲೇಪವಿದೆ. ಚೆನ್ನಾಗಿ ತೊಳೆದು ನೆನೆಸಿದರೆ ಅಡುಗೆಗೆ ಆಗುವುದಿಲ್ಲವೇ? ಮನೆಯಲ್ಲಿ ಹಿರಿಯರು ದುಡ್ಡು ಕೊಟ್ಟ ಕಾಳು ಎಂದು ಕೇಳುತ್ತಿದ್ದಾರೆ.

ಹಳೇ ಕೃಷಿ ಅಧಿಕಾರಿ:
ಆಗುವುದಿಲ್ಲ. ಆ ಬಣ್ಣವಿರುವುದೇ ಬೀಜಕ್ಕೆ ಶಿಲೀಂಧ್ರನಾಶಕ ಲೇಪಿಸಿದೆ ಎಂದು ತಿಳಿಸುವುದಕ್ಕೆ. ಕೆಲವದರಲ್ಲಿ ಕೀಟನಾಶಕವೂ ಇರುತ್ತದೆ. ತೊಳೆದರೆ ಬಣ್ಣ ಹೋಗಬಹುದು, ಒಳಗಿಳಿದ ವಿಷ ಹೋಗುವುದಿಲ್ಲ, ಬೇಯಿಸಿದರೂ ಹೋಗುತ್ತದೆಂದು ನಂಬುವಂತಿಲ್ಲ. ಹಸುವಿಗೂ ಕೋಳಿಗೂ ಹಾಕಬೇಡಿ. ಚೀಲದ ಮೇಲೆ ಮೊಳಕೆ ಪರೀಕ್ಷೆಯ ಅವಧಿಯನ್ನು ನಮೂದಿಸಿರುತ್ತಾರೆ, ಅದು ಮುಗಿದಿಲ್ಲದಿದ್ದರೆ ಬಾಯಿ ಕಟ್ಟಿ ಮುಂದಿನ ಬಿತ್ತನೆಗೆ ಇಡಿ. ಗೊಬ್ಬರ, ಔಷಧಿ ಇಡುವ ಕೊಠಡಿಯಲ್ಲಿ, ಚೀಟಿ ಕಾಣುವಂತೆ ಇಡಿ, ಅಡುಗೆಮನೆಯ ಡಬ್ಬಿಗೆ ಮಾತ್ರ ಸುರಿಯಬೇಡಿ.